ಮಂಜನಿಗೊಂದು ಪತ್ರ: ಯುಕಟಾನ್‌ಗೆ ಹೊರಡೋ ಮುಂಚೆ

ಪ್ರಿಯ ಮಂಜ,

ಕೊನೆಗೂ ನೀನೂ ಸುಧಾನೂ ಮೆಕ್ಸಿಕೋದಲ್ಲಿ ಮೂಲನಿವಾಸಿ ಮಾಯಾ ಜನರ ಸೀಮೆಯಾದ ಯುಕಟಾನ್‌ಗೆ ಹೊರಟಿರಲ್ಲ! ನೀನು ಕೇಳಿದ್ದಕ್ಕೆಲ್ಲ ಇಲ್ಲೇ, ಎಲ್ಲರಿಗೂ ಕಾಣೋ ಹಾಗೆ ಬರೀತಿದ್ದೀನಿ. ಇದನ್ನೇ ಕೇಳೋ ಜೋಡಿಗಳು ಇನ್ನೂ ಇದ್ದಾರೆ. ನಿನಗೆ ಮಾತ್ರ ಅಂತ ಇರೋದು ಒಂದೇ ಮಾತು: ಮೇಷ್ಟ್ರ ಛತ್ರಿ ತಗೊಂಡು ಹೋಗಬೇಡ.

ಇಬ್ಬರ ಪಾಸ್‌ಪೋರ್ಟಲ್ಲೂ ಚಾಲ್ತಿಯಲ್ಲಿರೋ ಅಮೆರಿಕದ ವೀಸಾ ಇದೆಯಲ್ಲ, ಮೆಕ್ಸಿಕೋಗೆ ಬೇರೆ ವೀಸಾ ಬೇಡ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿಬನ್ನಿ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತೆ, ಪಿರಮಿಡ್‌ಗಳ ಎದುರಿನ ಬಯಲಲ್ಲಿ ನೆರಳು ಸಿಗಲ್ಲ. ತಲಾ 40 ಲೀಟರ್‌ನ ಒಂದು ಬ್ಯಾಗ್ ಸಾಕು. ಆದರೆ ನಂದು, ನಿಂದು ಅಂತ ತುಂಬಬೇಡಿ. ಅವಳ ಒಂದು ಜೊತೆ ಬಟ್ಟೆ ನಿನ್ನ ಬ್ಯಾಗಲ್ಲಿ, ನಿನ್ನದೊಂದು ಜೊತೆ ಅವಳದರಲ್ಲಿ. ಕಾರ್ಡು, ನಗದೂ ಹಾಗೇ ಹಂಚಿರಲಿ. ಒಂದು ಬ್ಯಾಗ್ ಕಳೆದರೆ ಇಬ್ಬರ ಪ್ರಯಾಣ ನಿಲ್ಲಬಾರದು. ಸ್ವೆಟರ್ ಕೈಗೆ ಸಿಗೋ ಹಾಗಿಟ್ಕೊಳ್ಳಿ, ದೂರದ ಬಸ್ಸುಗಳ ಎಸಿ ಮೈ ನಡುಗಿಸುತ್ತೆ.

ಜನ ಎಡವೋದು ಗಡಿಯಾರದಲ್ಲಿ. ಕ್ಯಾಂಕುನ್, ತುಲುಮ್, ಕೋಬಾ ಇರೋ ಕಿಂತಾನಾ ರೋ ರಾಜ್ಯ ಯುಕಟಾನ್ ರಾಜ್ಯಕ್ಕಿಂತ ಒಂದು ಗಂಟೆ ಮುಂದೆ. ಯುಕಟಾನ್ ರಾಜ್ಯದ ರಾಜಧಾನಿ ಮೆರಿಡಾ ಕಡೆ ಬರುವಾಗ ಒಂದು ಗಂಟೆ ಲಾಭ; ವಾಪಸು ಕ್ಯಾಂಕುನ್‌ಗೆ ವಿಮಾನ ಹಿಡಿಯೋಕೆ ಓಡುವಾಗ ಅದೇ ಗಂಟೆ ಕೈಕೊಡುತ್ತೆ.

ಮಾಯಾ ಜನರ ಹಳೇ ನಗರದ ಅವಶೇಷ ಚಿಚೆನ್ ಇಟ್ಸಾ ನೋಡೋಕೆ ಹಿಂದಿನ ರಾತ್ರಿ ವಯಾದೊಲಿದ್‌ನಲ್ಲೇ ಉಳ್ಕೊಳ್ಳಿ. ಅಲ್ಲಿಂದ ಸುಮಾರು 45 ಕಿ.ಮೀ. ಬಸ್ ನಿಲ್ದಾಣದ ಹತ್ತಿರ ಕೊಲೆಕ್ತಿವೊ ವ್ಯಾನುಗಳು ನಿಂತಿರ್ತವೆ. ಸೀಟು ತುಂಬದೆ ಅವು ಕದಲಲ್ಲ, ಅದಕ್ಕೇ ಏಳು ಗಂಟೆಗೇ ಹೋಗಿ ಕೂತ್ಕೊಳ್ಳಿ. ಗೇಟು ತೆಗೆಯೋದು ಎಂಟಕ್ಕೆ. ಹತ್ತು ದಾಟಿದರೆ ಕ್ಯಾಂಕುನ್ ಬಸ್ಸುಗಳ ಜಾತ್ರೆ. ಶುಲ್ಕ ಎರಡು, ಒಂದು ಕೇಂದ್ರ ಸರ್ಕಾರಕ್ಕೆ, ಇನ್ನೊಂದು ರಾಜ್ಯಕ್ಕೆ. ಪೆಸೊ ನಗದು ಇರಲಿ. ದೊಡ್ಡ ಪಿರಮಿಡ್ ಹತ್ತೋಕೆ ಬಿಡಲ್ಲ. ನಾಲ್ಕೂ ಕಡೆ 91 ಮೆಟ್ಟಿಲು, ತುದಿಯದೊಂದು ಸೇರಿದರೆ 365. ಮೆಟ್ಟಿಲಿಗೆ ಎದುರಾಗಿ ನಿಂತು ಚಪ್ಪಾಳೆ ತಟ್ಟಿ, ಪ್ರತಿಧ್ವನಿ ಹಕ್ಕಿಯ ಕೂಗಿನ ಥರ ಬರುತ್ತೆ. ಮಧ್ಯಾಹ್ನ ವಾಪಸು ಬಂದು ಊರ ನಡುವೆಯೇ ಇರೋ ಸಾಸಿ ಸೆನೋಟೆಗೆ ಇಳಿಯಿರಿ. ಸುಣ್ಣಕಲ್ಲು ಕುಸಿದು ಆದ ಹೊಂಡ ಅದು. ಆ ಸೀಮೆಯಲ್ಲಿ ಹೊಳೆಗಳಿಲ್ಲ, ನೀರೆಲ್ಲ ನೆಲದಡಿಯಲ್ಲೇ ಹರಿಯುತ್ತೆ. ಸನ್‌ಸ್ಕ್ರೀನ್ ತೊಳ್ಕೊಂಡೇ ಇಳಿಯಬೇಕು.

ಅಂಥದ್ದೇ ಇನ್ನೊಂದು ಹಳೇ ಮಾಯಾ ನಗರ ಉಷ್ಮಾಲ್ ನನಗೆ ಚಿಚೆನ್‌ಗಿಂತ ಮೇಲು. ಅಲ್ಲಿ ಸೆನೋಟೆಯೂ ಇಲ್ಲ. ನೆಲದೊಳಗೆ ತೊಟ್ಟಿ ತೋಡಿ ಮಳೆನೀರು ಹಿಡಿದಿಟ್ಟು ಬದುಕಿದವರು. ಅದಕ್ಕೇ ಗೋಡೆ ತುಂಬ ಮಳೆದೇವರು ಚಾಕ್, ಆನೆಯ ಸೊಂಡಿಲಿನಂಥ ಮೂಗಿನವನು. ಬಾಗಿಲುಗಳ ಮೇಲೆ ಸಪೋಟ ಮರದ ತೊಲೆ ಹಾಕ್ತಿದ್ದರು. ನಮ್ಮ ತೋಟದ ಸಪೋಟ ಆ ಕಡೆಯ ನೆಲದಿಂದಲೇ ಬಂದದ್ದು. ಮೆರಿಡಾದಿಂದ ಸುಮಾರು 80 ಕಿ.ಮೀ., ಬಸ್ಸುಗಳು ಕಮ್ಮಿ. ಇಳಿಯುವಾಗಲೇ ವಾಪಸು ಬಸ್ಸಿನ ಹೊತ್ತು ಡ್ರೈವರ್‌ನ ಕೇಳ್ಕೊಳ್ಳಿ.

ಇನ್ನು ಇಸಮಾಲ್. ಇದನ್ನು ಬರೆಯೋ ಯೋಚನೆ ಇರಲಿಲ್ಲ.

ಊರೆಲ್ಲ ಹಳದಿ. ನಡುವೆ ಫ್ರಾನ್ಸಿಸ್ಕನ್ ಪಾದ್ರಿಗಳ ಮಠ. ಮಾಯಾ ದೇಗುಲ ಕೆಡವಿ, ಅದೇ ಜಗಲಿಯ ಮೇಲೆ, ಅದೇ ಕಲ್ಲಿನಲ್ಲಿ ಕಟ್ಟಿದ್ದು. ಆ ಮಠಕ್ಕೆ ಸೇರಿದ ದಿಯೆಗೊ ದೆ ಲಾಂಡಾ 1562ರ ಜುಲೈ 12ರಂದು ಮಾನಿ ಅನ್ನೋ ಊರಲ್ಲಿ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದ. ಇವತ್ತು ಇಡೀ ಜಗತ್ತಲ್ಲಿ ಉಳಿದಿರೋದು ನಾಲ್ಕೇ. ಅವನ ಪ್ರತಿಮೆ ಇಸಮಾಲ್‌ನಲ್ಲಿ ಈಗಲೂ ನಿಂತಿದೆ. ಮೆರಿಡಾ ಕೂಡ ಹಾಗೇ: 1542ರಲ್ಲಿ ತ್ಹೋ ಅನ್ನೋ ಮಾಯಾ ಊರಿನ ಮೇಲೆ ಎದ್ದದ್ದು, ಕೆಥೆಡ್ರಲ್‌ನ ಕಲ್ಲು ಅಲ್ಲಿನ ಗುಡಿಗಳದ್ದು. ಅದೇ ಚೌಕದಲ್ಲಿ, ಆ ಸೀಮೆ ಗೆದ್ದ ಸ್ಪೇನಿನ ಮೊಂತೆಹೊ ಮನೆತನದ ಮನೆಯ ಮುಂಗೋಡೆ ನೋಡಿ. ಈಟಿ ಹಿಡಿದ ಸೈನಿಕರು ಸೋತವರ ತಲೆಗಳ ಮೇಲೆ ಕಾಲಿಟ್ಟಿದ್ದಾರೆ.

ನಿಜ ಹೇಳ್ತೀನಿ ಮಂಜ, ನನಗೆ ಆ ಹಳದಿ ಗೋಡೆಗಳೆಂದರೆ ಪ್ರಾಣ. ಸಂಜೆ ಆ ಕಮಾನುಗಳ ಕೆಳಗೆ ಇಬ್ಬರೇ ನಡೆಯೋದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ. ಇಷ್ಟೆಲ್ಲ ತಿಳಿದ ಮೇಲೂ ಆ ಪ್ರೀತಿ ಒಂದಿಷ್ಟೂ ಕಮ್ಮಿಯಾಗಲಿಲ್ಲ. ಈಗ ಕಾಡೋದು ಅದೇ. ಬೆಳಿಗ್ಗೆ ಅವಶೇಷ, ಸಂಜೆ ವಸಾಹತು ಕಾಲದ ಊರು ಅಂತ ಪ್ರವಾಸದ ಪಟ್ಟಿಗಳು ಎರಡಾಗಿ ವಿಂಗಡಿಸ್ತವೆ. ಅಲ್ಲಿ ಕಿತ್ತ ಕಲ್ಲೇ ಇಲ್ಲಿ ಕೂತಿದೆ. ಅಳಿದುಹೋದ ಜನ ಅಂತಲೂ ಬರೀತಾರೆ. ನಿಮ್ಮ ವ್ಯಾನ್ ಓಡಿಸೋನು ಪಕ್ಕದವರ ಜೊತೆ ಮಾತಾಡೋದು ಮಾಯಾ ಭಾಷೆಯಲ್ಲೇ ಇರಬಹುದು. ಲಕ್ಷಾಂತರ ಜನರ ಮನೆಮಾತು ಅದು. ಇಸಮಾಲ್‌ನಲ್ಲೇ ಮನೆಗಳ ನಡುವೆ ಕಿನಿಚ್ ಕಕ್ಮೊ ಪಿರಮಿಡ್ ಇದೆ, ಹತ್ತೋಕೆ ದುಡ್ಡು ಕೊಡಬೇಕಿಲ್ಲ. ಮೊದಲು ಅದನ್ನು ಹತ್ತಿ, ಆಮೇಲೆ ಮಠಕ್ಕೆ ಹೋಗಿ.

ಹೋಗ್ಲಿ ಬಿಡು, ಊಟದ ವಿಷಯಕ್ಕೆ ಬರೋಣ. ಸುಧಾಗೆ ಮಾಂಸ ಬೇಡ ಅಂದರಷ್ಟೇ ಸಾಲದು, ಬೇಯಿಸಿ ಅರೆದ ಬೀನ್ಸ್ ಕಾಳಿಗೆ ಹಂದಿ ಕೊಬ್ಬು ಹಾಕಿರ್ತಾರೆ. 'ಸಿನ್ ಮಾಂತೇಕಾ' (ಹಂದಿ ಕೊಬ್ಬು ಇಲ್ಲದೆ) ಅಂತ ಬಾಯಿಪಾಠ ಮಾಡ್ಕೊಳ್ಳಿ. ಹುರಿದ ಕುಂಬಳಬೀಜ, ಸುಟ್ಟ ಟೊಮೆಟೊ ಅರೆದು ಮಾಡೋ ಸಿಕಿಲ್ ಪಾಕ್ ಅವಳಿಗೆ ಹಿಡಿಸುತ್ತೆ. ಹಬನೇರೊ ಮೆಣಸಿನಕಾಯಿ ಜೊತೆ ನೀನು ಪಂದ್ಯ ಕಟ್ಟಬೇಡ, ಶಿರಸಿ ಜಾತ್ರೆ ನೆನಪಿದೆ ತಾನೆ? ಮೆರಿಡಾದ ಎಷ್ಟೋ ರೂಮುಗಳ ಗೋಡೆಯಲ್ಲಿ ಜೋಲಿಗೆ ಕೊಕ್ಕೆ ಇರುತ್ತೆ. ಇಬ್ಬರಿಗಾಗೋ ಅಳತೆಯದನ್ನೇ ತಗೊಳ್ಳಿ, ಉದ್ದಕ್ಕೆ ಮಲಗದೆ ಓರೆಯಾಗಿ ಮಲಗಿ. ಇಲ್ಲದಿದ್ದರೆ ಬೆನ್ನು ಬಾಗಿ ನೋಯುತ್ತೆ. ಜಗಳ ಆಡಿ ಆ ತುದಿ ಈ ತುದಿ ಮಲಗಿದರೂ ಬೆಳಗಾಗೋ ಹೊತ್ತಿಗೆ ಇಬ್ಬರೂ ನಡುವಿಗೇ ಜಾರಿರ್ತೀರಿ.

ಟಿಕೆಟ್ ಆದ ತಕ್ಷಣ ತಾರೀಖು ತಿಳಿಸು.

ನಿನ್ನ,
ರವಿ