ಹಳೆಯ ಡಾಂಬರು ಹಾಳೆಯ ಮೇಲೆ ಹೊಸದು ಹಾಸುವುದನ್ನು ನಿಲ್ಲಿಸಿ

ಮಾನ್ಯ ಸಂಪಾದಕರೇ,

ಬೆಳಗಾವಿಯಲ್ಲಿ ಸಪಾಟು ತಾರಸಿಯ ಸರ್ಕಾರಿ ಶಾಲೆ, ವಾಚನಾಲಯ ಮತ್ತು ವಸತಿಗೃಹಗಳು ಮಳೆಗಾಲದಲ್ಲಿ ಸೋರುವುದು ಹೊಸ ಸಂಗತಿಯಲ್ಲ. ಸೋರಿದ ತಾರಸಿಗೆ ಡಾಂಬರು ಹಾಳೆ ಹೊದಿಸುವ ಕೆಲಸವೂ ನಡೆದೇ ಇರುತ್ತದೆ. ಆದರೂ ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಕೊಠಡಿಯ ಅದೇ ಮೂಲೆ ಮತ್ತೆ ಒದ್ದೆಯಾಗುತ್ತಿದ್ದರೆ, ದೋಷವಿರುವುದು ಬಹುಮಟ್ಟಿಗೆ ಹಾಳೆ ಹಾಸುವ ಕ್ರಮದಲ್ಲಿ ಎಂಬುದು ಕಟ್ಟಡ ಕಾಮಗಾರಿಗಳ ಮೇಲ್ವಿಚಾರಣೆ ಮಾಡಿ ನಿವೃತ್ತನಾದ ನನ್ನ ಖಚಿತ ಅಭಿಪ್ರಾಯ.

ಈಚೆಗೆ ನಮ್ಮ ಭಾಗದ ಶಾಲೆಯೊಂದರ ತಾರಸಿ ನೋಡಿದೆ. ಹಳೆಯ ಹಾಳೆಯನ್ನು ಕೀಳದೆ ಅದರ ಮೇಲೆಯೇ ಹೊಸದನ್ನು ಅಂಟಿಸಿದ್ದರು. ಅಲ್ಲಲ್ಲಿ ರೊಟ್ಟಿಯಂತೆ ಉಬ್ಬಿದ್ದ ಹಾಳೆಯನ್ನು ಗವಂಡಿಯೊಬ್ಬರು ಸೀಳಿ ತೋರಿಸಿದಾಗ ಒಳಗಿನಿಂದ ನೀರು ಜಿನುಗಿತು. ಕೆಳಗೆ ಸಿಕ್ಕಿಬಿದ್ದ ತೇವ ಬಿಸಿಲಿಗೆ ಆವಿಯಾಗಿ ಹಾಳೆಯನ್ನು ಎತ್ತುತ್ತದೆ. ಎತ್ತಿದ ಜಾಗ ಕಾಲಕ್ರಮದಲ್ಲಿ ಬಿರಿಯುತ್ತದೆ. ಪ್ಯಾರಾಪೆಟ್ ಗೋಡೆಯ ಬುಡದ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಅಲ್ಲಿ ಗಾರೆಯಿಂದ ಇಳಿಜಾರಿನ ಅಂಚು ಕಟ್ಟಿ, ಹಾಳೆಯನ್ನು ಗೋಡೆಯ ಮೇಲೆ ಕನಿಷ್ಠ 150 ಮಿ.ಮೀ. ಏರಿಸಿ, ಅದರ ತುದಿಯನ್ನು ಗೋಡೆಯಲ್ಲಿ ಕೊರೆದ ತೋಡಿನೊಳಗೆ ಸೇರಿಸಿ ಗಾರೆ ಮುಚ್ಚಬೇಕಿತ್ತು. ಬದಲಿಗೆ ಚೂಪಾಗಿ ಮಡಚಿ ಹಾಗೆಯೇ ಬಿಟ್ಟಿದ್ದರಿಂದ ತುದಿ ಬಿಟ್ಟುಕೊಂಡಿತ್ತು, ಆ ಸಂದಿಯಲ್ಲಿ ಅರಳಿ ಸಸಿಯೂ ಬೇರೂರಿತ್ತು.

ಡಾಂಬರು ಹಾಳೆ ಹಾಸುವ ಪದ್ಧತಿಗೆ ಭಾರತೀಯ ಮಾನಕ ಐ.ಎಸ್. 1346 ಇದೆ. ಹಳೆಯ ಹಾಳೆ ಪೂರ್ತಿ ಕಿತ್ತು, ಸ್ಲ್ಯಾಬ್ ಒಣಗಿಸಿ, ಬಿರುಕು ತುಂಬಿ, ನೀರು ಇಳಿಯುವ ಕೊಳವೆಯ ಕಡೆಗೆ 100ಕ್ಕೆ 1ರಷ್ಟಾದರೂ ಇಳಿಜಾರು ಇದೆಯೇ ಎಂದು ನೋಡಿ, ಹಾಳೆ ಅಂಟಿಕೊಳ್ಳಲೆಂದು ಮೊದಲು ಹಚ್ಚುವ ಲೇಪವಾದ ಪ್ರೈಮರ್ ಬಳಿದು, ತಗ್ಗಿನ ಕಡೆಯಿಂದಲೇ ಹಾಸುತ್ತ ಬಂದರೆ ಮೇಲಿನ ಹಾಳೆಯ ಅಂಚು ಕೆಳಗಿನದರ ಮೇಲೆ ಕೂಡುತ್ತದೆ, ಹರಿಯುವ ನೀರು ಜೋಡಣೆಯೊಳಗೆ ನುಗ್ಗುವುದಿಲ್ಲ. ಈ ಜೋಡಣೆ ಪಕ್ಕದಲ್ಲಿ 75 ಮಿ.ಮೀ.ಗೆ, ತುದಿಯಲ್ಲಿ 100 ಮಿ.ಮೀ.ಗೆ ಕಡಿಮೆಯಾಗಬಾರದು. ಇಳಿಜಾರೇ ಸರಿಯಿಲ್ಲದಿದ್ದರೆ ಎಂಥ ದುಬಾರಿ ಹಾಳೆ ತಂದರೂ ನೀರು ನಿಂತು ಅದನ್ನು ಕೆಡಿಸುತ್ತದೆ. ಮೊದಲು ಇಳಿಜಾರು ಸರಿಪಡಿಸಲು ಹಣ ಇಡುವುದೇ ಮೇಲು.

ಕಾಲದ ವಿಷಯವೂ ಅಷ್ಟೇ ಮುಖ್ಯ. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿದು, ಹೊಸ ಅನುದಾನ, ಅಂದಾಜು ಪಟ್ಟಿ, ಟೆಂಡರ್ ಎನ್ನುವಷ್ಟರಲ್ಲಿ ಮೃಗಶಿರಾ ಮಳೆ ಬಾಗಿಲಿಗೆ ಬಂದಿರುತ್ತದೆ. ಒದ್ದೆ ಸ್ಲ್ಯಾಬಿಗೆ ಪ್ರೈಮರ್ ಹಿಡಿಯುವುದಿಲ್ಲ. ಖಾನಾಪುರದಂಥ ಹೆಚ್ಚು ಮಳೆಯ ತಾಲ್ಲೂಕಿನಲ್ಲಂತೂ ಜೂನ್ ನಂತರ ಈ ಕೆಲಸ ಮಾಡುವುದು ಹಣ ಹಾಳು ಮಾಡಿದಂತೆಯೇ. ದುರಸ್ತಿ ಬೇಕಾದ ಕಟ್ಟಡಗಳ ಪಟ್ಟಿಯನ್ನು ದೀಪಾವಳಿಯೊಳಗೆ ಸಿದ್ಧಪಡಿಸಿ, ಫೆಬ್ರುವರಿಯಿಂದ ಮೇ ಮಧ್ಯದವರೆಗಿನ ಒಣ ದಿನಗಳಲ್ಲಿ ಕೆಲಸ ಮುಗಿಸುವುದು ಅಸಾಧ್ಯವೇನಲ್ಲ.

ಸಂಬಂಧಪಟ್ಟ ಇಲಾಖೆಗಳಿಗೆ ನನ್ನ ಕೋರಿಕೆ ಇದು: ಹಳೆಯ ಹಾಳೆ ಕೀಳುವುದನ್ನು ಅಂದಾಜು ಪಟ್ಟಿಯಲ್ಲಿ ಪ್ರತ್ಯೇಕ ಬಾಬತ್ತಾಗಿ ಸೇರಿಸಬೇಕು. ಕೆಲಸ ಮುಗಿದ ಮೇಲೆ ಕೊಳವೆಗಳ ಬಾಯಿ ಕಟ್ಟಿ ತಾರಸಿಯಲ್ಲಿ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಕೊಠಡಿಯ ಚಾವಣಿಯನ್ನು ಶಾಲೆಯ ಮುಖ್ಯೋಪಾಧ್ಯಾಯರ ಸಮಕ್ಷಮ ಪರಿಶೀಲಿಸಿ, ಅವರ ಸಹಿ ಪಡೆದ ನಂತರವೇ ಗುತ್ತಿಗೆದಾರರ ಬಿಲ್ಲು ಪಾವತಿಯಾಗಬೇಕು.

– ನಿವೃತ್ತ ಕಿರಿಯ ಎಂಜಿನಿಯರ್, ಶಹಾಪುರ, ಬೆಳಗಾವಿ