ಉಗಾಂಡಕ್ಕೆ ಹೊರಟಿರುವ ತಂಗಿಯ ಮಗಳಿಗೆ

ಕಂಟೋನ್ಮೆಂಟ್, ಬಳ್ಳಾರಿ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಮ್ಮ ಕರ್ತನ ನಾಮದಲ್ಲಿ ಮಾಡುವ ಆಶೀರ್ವಾದಗಳು.

ಉಗಾಂಡದ ಹಳ್ಳಿಗಾಡಿನಲ್ಲಿ ಕ್ರೈಸ್ತ ಸಭೆಯವರು ನಡೆಸುವ ಆಸ್ಪತ್ರೆಯೊಂದಕ್ಕೆ ಮೂರು ವರ್ಷ ಸಂಬಳವಿಲ್ಲದೆ ನರ್ಸ್ ಆಗಿ ಹೊರಟಿದ್ದೀ ಎಂದು ನಿನ್ನ ಅವ್ವ ಹೇಳಿದ ದಿನದಿಂದ ನನ್ನ ಮನಸ್ಸಿನಲ್ಲಿ ಸಂತೋಷವೂ ಇದೆ, ಒಂದು ಭಾರವೂ ಇದೆ. ನಿನ್ನನ್ನು ತಡೆಯಲೆಂದು ಈ ಕಾಗದ ಬರೆಯುತ್ತಿಲ್ಲ. ನಾನು ನಿನ್ನ ವಯಸ್ಸಿನಲ್ಲಿ ಯಾರೂ ಹೇಳದೆ, ಒಂದು ಮಗುವಿನ ಪ್ರಾಣಕ್ಕೆ ಕುತ್ತು ತಂದು ಕಲಿತ ಪಾಠವನ್ನು ನೀನು ಇಲ್ಲಿಂದಲೇ ಕಟ್ಟಿಕೊಂಡು ಹೋಗಲಿ ಎಂದು ಬರೆಯುತ್ತಿದ್ದೇನೆ.

ನಾನು ಒಡಿಶಾದ ಗುಡ್ಡಗಾಡಿನ ಮಿಷನ್ ಆಸ್ಪತ್ರೆಯೊಂದರಲ್ಲಿ ನಾಲ್ಕು ವರ್ಷ ಇದ್ದದ್ದು ನಿನಗೆ ಗೊತ್ತು. ಅಲ್ಲಿಯ ಜನ ಆಡುವ ಕುಯಿ ನಮ್ಮ ಕನ್ನಡದಂತೆಯೇ ದ್ರಾವಿಡ ಭಾಷೆ. ಆದರೂ ಮೊದಲ ಆರು ತಿಂಗಳು ಅದನ್ನು ಕಲಿಯುವ ಗೋಜಿಗೆ ಹೋಗದೆ ಮುರುಕು ಹಿಂದಿಯಲ್ಲೂ ಕೈಸನ್ನೆಯಲ್ಲೂ ದಿನ ಕಳೆದೆ. ಕೆಲಸ ಬಲ್ಲವಳಿಗೆ ಮಾತು ಏಕೆ ಎಂಬ ಗರ್ವ ನನ್ನದು. ಒಂದು ಮಧ್ಯಾಹ್ನ ಭೇದಿಯಿಂದ ಬಾಡಿದ ಕೂಸನ್ನು ಎತ್ತಿಕೊಂಡು ಬಂದ ತಾಯಿಗೆ ಓಆರ್‌ಎಸ್ ಎಂಬ ಉಪ್ಪು-ಸಕ್ಕರೆ ಪುಡಿಯ ಪೊಟ್ಟಣ ಕೊಟ್ಟು, ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಎಂದು ಹೇಳಿ ಕಳಿಸಿದೆ. ಅವಳು ತಲೆಯಾಡಿಸಿದಳು. ಲೀಟರ್ ಎಂದರೆ ಏನೆಂದು ಅವಳಿಗೆ ತಿಳಿದಿರಲಿಲ್ಲ, ಅವಳ ಮನೆಯಲ್ಲಿ ಯಾವ ಪಾತ್ರೆ ಇದೆ ಎಂದು ನಾನು ಕೇಳಿರಲಿಲ್ಲ. ಪೊಟ್ಟಣವನ್ನೆಲ್ಲ ಒಂದು ಲೋಟ ನೀರಿಗೆ ಸುರಿದು ಕುಡಿಸಿದ್ದಳು. ಉಪ್ಪು ಮಿತಿಮೀರಿ ರಾತ್ರಿ ಸೆಳೆತ ಬಂದ ಕೂಸನ್ನು ಹೊತ್ತು ಮತ್ತೆ ಓಡಿ ಬಂದಳು. ಡಾಕ್ಟರು ಎರಡು ದಿನ ಡ್ರಿಪ್ ಹಾಕಿ ಉಳಿಸಿದರು. ಆ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ಇವತ್ತಿಗೂ ನನ್ನನ್ನು ಸುಡುತ್ತದೆ.

ಮರುದಿನದಿಂದ ವಾರ್ಡಿನ ಕಸ ಗುಡಿಸುವ ಹೆಂಗಸಿನ ಮುಂದೆ ಕುಳಿತು ನೀರು, ಪಾತ್ರೆ, ಉಪ್ಪು, ಹಗಲು, ರಾತ್ರಿ ಎಂಬ ಮಾತುಗಳನ್ನು ಕಲಿತೆ. ಒಂದು ಲೀಟರಿನ ಅಳತೆ ಪಾತ್ರೆ ಕೊಂಡು ಹಳ್ಳಿಯ ಮನೆಮನೆಗೆ ಹೋಗಿ, ಅವರವರ ಗಡಿಗೆ ತಂಬಿಗೆಗಳಿಗೆ ನೀರು ಹೊಯ್ದು, ಲೀಟರ್ ನಿಲ್ಲುವ ಮಟ್ಟಕ್ಕೆ ಗುರುತು ಹಾಕಿ ಬಂದೆ. ನನ್ನ ಸೇವೆ ನಿಜವಾಗಿ ಶುರುವಾದದ್ದು ಆ ದಿನ.

ನಮ್ಮ ಊರಿಗೇ ಬಂದವರನ್ನು ನೋಡು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡದ ಸಂಪೂರ್ಣ ಬೈಬಲ್ ಅಚ್ಚಾಗಿ ಮುಗಿದದ್ದು 1831ರಲ್ಲಿ. ಇಲ್ಲಿಯೇ ಸೇವೆ ಮಾಡಿದ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಮುದ್ರಣವಾಯಿತು. ಅವರ ಕಾಲದ ಎಲ್ಲ ನಡೆಯನ್ನೂ ನಾನು ಒಪ್ಪುವವಳಲ್ಲ. ಆದರೆ ಈ ಬಿಸಿಲಿನಲ್ಲಿ ಕುಳಿತು ನಮ್ಮವರಿಂದ ಒಂದೊಂದೇ ಪದ ಕೇಳಿ ಬರೆದುಕೊಂಡ ಅವರ ತಾಳ್ಮೆ ನಿನಗೂ ಬೇಕು.

ಅಲ್ಲಿ ಇಂಗ್ಲಿಷ್ ಆಡಳಿತ ಭಾಷೆ, ಅದರಲ್ಲೇ ನಡೆಯುತ್ತದೆ ಎಂದು ನೀನು ಹೇಳಿದ್ದೀ. ಕಚೇರಿಯಲ್ಲಿ ನಡೆದೀತು, ರೋಗಿಯ ಹಾಸಿಗೆಯ ಬಳಿ ನಡೆಯದು. ರಾಜಧಾನಿ ಕಂಪಾಲದ ಸುತ್ತಲಿನ ಜನ ಆಡುವ ಲುಗಾಂಡದಲ್ಲಿ ಗಂಟೆಯನ್ನು ಹೊತ್ತು ಮೂಡಿದಾಗಿನಿಂದ ಎಣಿಸುತ್ತಾರೆ: ನಮ್ಮ ಬೆಳಗಿನ ಏಳು ಅವರಿಗೆ ಒಂದನೆಯ ಗಂಟೆ, ನಮ್ಮ ಒಂಬತ್ತು ಅವರಿಗೆ ಮೂರನೆಯದು. ಮಧ್ಯಾಹ್ನ ಮೂರಕ್ಕೆ ಕೊಡಬೇಕಾದ ಮಾತ್ರೆಯನ್ನು ನೀನು ಬರಿದೆ ‘ಮೂರು ಗಂಟೆಗೆ’ ಎಂದರೆ ಬೆಳಿಗ್ಗೆ ಒಂಬತ್ತಕ್ಕೇ ಕೊಟ್ಟುಬಿಟ್ಟಾರು. ನನ್ನ ಲೀಟರ್ ನಿನಗೆ ಅಲ್ಲಿ ಗಂಟೆಯ ರೂಪದಲ್ಲಿ ಎದುರಾದೀತು. ಆದ್ದರಿಂದ ಹೇಳಿದ್ದನ್ನು ಅವರ ಬಾಯಿಂದಲೇ ಮತ್ತೆ ಹೇಳಿಸಿ ಕೇಳು. ತಲೆಯಾಡಿಸಿದ್ದನ್ನು ಉತ್ತರವೆಂದು ತಿಳಿಯಬೇಡ. ಆ ಸೀಮೆಯ ಹೆಂಗಸರು ಗೌರವದಿಂದ ಮಂಡಿಯೂರಿ ವಂದಿಸುವ ವಾಡಿಕೆಯೂ ಇದೆ. ನಿನ್ನ ಮುಂದೆ ಯಾರಾದರೂ ಹಾಗೆ ಮಂಡಿಯೂರಿದರೆ ಅದು ಅವರ ಒಳ್ಳೆಯ ನಡವಳಿಕೆ, ನಿನ್ನ ದೊಡ್ಡಸ್ತಿಕೆಯಲ್ಲ.

ಕೊಡುವುದಕ್ಕೆ ಹೋಗುತ್ತಿದ್ದೇನೆ ಎಂಬ ಭಾವನೆಯನ್ನು ಇಲ್ಲೇ ಬಿಟ್ಟು ಹೋಗು, ಮಗಳೇ. ಯೇಸುಸ್ವಾಮಿ ಸಮಾರ್ಯದ ಹೆಂಗಸಿನೊಡನೆ ಮಾತು ತೆಗೆದದ್ದು ಕುಡಿಯಲು ನೀರು ಕೇಳಿ. ನೀನೂ ಮೊದಲು ಕೇಳುವವಳಾಗು. ಅವರು ಮಾಡಿ ಬಡಿಸುವ ಮಟೋಕೆ ಬಾಳೆಕಾಯಿಯನ್ನೂ ರಾಗಿಯ ಮುದ್ದೆಯನ್ನೂ ಕುಳಿತು ಉಣ್ಣು, ಮಾಡುವುದು ಹೇಗೆಂದು ಕೇಳಿ ಕಲಿ. ನಾವು ತಟ್ಟುವ ರೊಟ್ಟಿಯ ಜೋಳವೂ, ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದಲೇ ನಮ್ಮ ನೆಲಕ್ಕೆ ಬಂದ ಕಾಳುಗಳು. ಆ ಖಂಡದ ಋಣ ನಮ್ಮ ಹೊಟ್ಟೆಯಲ್ಲಿ ಎಂದಿನಿಂದಲೋ ಇದೆ.

ಕಾಗದಪತ್ರದ ವಿಷಯ ನೀನೇ ಬಲ್ಲೆ, ಆದರೂ ಹೇಳುತ್ತೇನೆ. ಹಳದಿ ಜ್ವರದ ಲಸಿಕೆ ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಪ್ರಮಾಣಪತ್ರ ಊರ್ಜಿತವಾಗುವುದು ಹತ್ತು ದಿನಗಳ ನಂತರ. ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸಕ್ಕೆ ನಿಲ್ಲಬೇಡ. ಸೇವೆಗೆ ತಕ್ಕ ಪರವಾನಗಿಯನ್ನೂ, ಅಲ್ಲಿಯ ನರ್ಸ್‌ಗಳ ಪರಿಷತ್ತಿನ ನೋಂದಣಿಯನ್ನೂ ಮೊದಲೇ ಮಾಡಿಸು. ಟಿಕೆಟ್ ಯಾರದು, ಕಾಯಿಲೆ ಬಿದ್ದರೆ ಖರ್ಚು ಯಾರದು, ನಡುವೆ ಹಿಂದಿರುಗಬೇಕಾಗಿ ಬಂದರೆ ಏನು ಎಂಬುದನ್ನು ಕಳಿಸುವವರಿಂದ ಬರಹದಲ್ಲಿ ತೆಗೆದುಕೋ. ಸೇವೆಯವರ ಬಳಿ ಇದನ್ನೆಲ್ಲ ಕೇಳುವುದು ಅವಿಶ್ವಾಸವಲ್ಲ. ಅಲ್ಲಿಯ ಹವೆ ನಮ್ಮದಕ್ಕಿಂತ ತಂಪು. ಒಳ್ಳೆಯ ನಿದ್ದೆ ಬರುತ್ತದೆಂದು ಸೊಳ್ಳೆಪರದೆ ಮರೆಯಬೇಡ. ನೀನು ನರ್ಸ್ ಎಂದು ಮಲೇರಿಯಾ ಬಿಡುವುದಿಲ್ಲ.

ಇನ್ನು ಎರಡು ಮಾತು. ಸಭೆಗೆ ವರದಿ ಕಳಿಸುವಾಗ ರೋಗಿಗಳ ಫೋಟೊ ಕಳಿಸಬೇಡ. ನಮ್ಮ ಓಣಿಯ ಕೂಸು ಬತ್ತಲೆ ಮೈಯಲ್ಲಿ ಮಲಗಿರುವ ಚಿತ್ರ ದೂರದ ಊರಿನ ಗೋಡೆಯ ಮೇಲಿದ್ದರೆ ನಮಗೆ ಹೇಗಾಗುತ್ತದೋ ಅವರಿಗೂ ಹಾಗೆಯೇ. ಎರಡನೆಯದು ನಿನ್ನ ಅವ್ವನದು. ಅವಳ ಸಕ್ಕರೆ ಕಾಯಿಲೆಯನ್ನು ದೇವರು ನೋಡಿಕೊಳ್ಳುತ್ತಾನೆ ಎಂದು ಬಿಟ್ಟು ಹೋಗಬೇಡ. ದೇವರು ನಮ್ಮ ಕೈಯಿಂದಲೇ ನೋಡಿಕೊಳ್ಳುವುದು. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಔಷಧ ತಂದುಕೊಡುವ ಹೊಣೆ ನನ್ನದು, ರಾತ್ರಿ ಅವಳ ಜೊತೆ ಮಲಗುವವರು ಯಾರು ಎಂಬುದನ್ನು ನಿನ್ನ ತಮ್ಮನ ಜೊತೆ ಕುಳಿತು ನೀನೇ ತೀರ್ಮಾನಿಸು. ಅವಳು ನಿನ್ನ ಮುಂದೆ ಅಳುವುದಿಲ್ಲ. ಅದನ್ನು ಒಪ್ಪಿಗೆ ಎಂದುಕೊಂಡು ಸುಮ್ಮನಾಗಬೇಡ. ಅವಳನ್ನೂ ಬಾಯಿಬಿಟ್ಟು ಹೇಳಿಸಿ ಕೇಳು.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಮನೆಗೆ ಬಾ. ಒಡಿಶಾದಿಂದ ತಂದ ಆ ಅಳತೆ ಪಾತ್ರೆಯನ್ನು ತೊಳೆದು ಇಟ್ಟಿದ್ದೇನೆ. ಅಂಚು ಸ್ವಲ್ಪ ನೆಗ್ಗಿದೆ, ಅಳತೆ ಸರಿಯಾಗಿದೆ. ನಿನ್ನ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗ ಉಳಿಸಿಕೋ.

ನಿನ್ನ ದೊಡ್ಡಮ್ಮ