ಸ್ಮಾರ್ಟ್ ಕ್ಲಾಸ್‌ಗೆ ನಿರ್ವಹಣೆಯ ಹಣವೂ ಬೇಕು

ಮಾನ್ಯರೇ,

ಸರ್ಕಾರಿ ಶಾಲೆಗಳಿಗೆ ಪ್ರೊಜೆಕ್ಟರ್, ಯುಪಿಎಸ್ ಕೊಡುವಾಗಿನ ಉತ್ಸಾಹ ಅವುಗಳ ನಿರ್ವಹಣೆಯಲ್ಲಿ ಕಾಣುತ್ತಿಲ್ಲ. ಸೀಮೆಸುಣ್ಣದ ಪುಡಿ ಪ್ರೊಜೆಕ್ಟರ್‌ನ ಗಾಳಿ ಫಿಲ್ಟರಿನಲ್ಲಿ ಕಟ್ಟಿಕೊಂಡರೆ ಒಳಗೆ ಬಿಸಿಯೇರಿ, ಪಾಠದ ನಡುವೆಯೇ ಅದು ಆಫ್ ಆಗುತ್ತದೆ. ತಿಂಗಳಿಗೊಮ್ಮೆ ಫಿಲ್ಟರ್ ತೆಗೆದು ಒಣ ಬ್ರಷ್‌ನಿಂದ ಧೂಳು ಕೊಡವಬೇಕು.

ಯುಪಿಎಸ್ ಬ್ಯಾಟರಿಯದು ಇನ್ನೂ ದೊಡ್ಡ ಗೋಳು. ಏಪ್ರಿಲ್, ಮೇ ರಜೆಯಲ್ಲಿ ಚಾರ್ಜ್ ಇಲ್ಲದೆ ಬಿದ್ದಿರುವ ಲೆಡ್-ಆಸಿಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಎಂಬ ಲವಣ ಗಟ್ಟಿಯಾಗಿ, ಚಾರ್ಜ್ ಹಿಡಿಯುವ ಶಕ್ತಿ ಕುಗ್ಗುತ್ತದೆ. ಜೂನ್‌ನಲ್ಲಿ ಕರೆಂಟ್ ಹೋದರೆ ಒಂದು ಪೀರಿಯಡ್ ಕೂಡ ಬಾಳುವುದಿಲ್ಲ. ರಜೆಗೆ ಮುನ್ನ ಪೂರ್ತಿ ಚಾರ್ಜ್ ಮಾಡಿ, ನಡುವೆ ಒಮ್ಮೆಯಾದರೂ ಮತ್ತೆ ಚಾರ್ಜ್‌ಗೆ ಹಾಕಬೇಕು. ನೀರು ತುಂಬುವ ಬಗೆಯದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಖಂಡಿತ ಬೇಡ.

ನೆಟ್‌ವರ್ಕ್ ಸಿಗದ ಊರುಗಳಲ್ಲಿ ಪಠ್ಯಪುಸ್ತಕದ ಕ್ಯುಆರ್ ಕೋಡ್ ವಿಡಿಯೊಗಳನ್ನು ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಆದರೆ ಹೊಸ ಬ್ಯಾಟರಿಯ ಖರ್ಚನ್ನು ಶಿಕ್ಷಕರ ಜೇಬಿಗೆ ಬಿಡಬಾರದು. ಶಿಕ್ಷಣ ಇಲಾಖೆ ಅದಕ್ಕೆ ಪ್ರತ್ಯೇಕ ಅನುದಾನ ಕೊಡಲಿ.

– ವಿಜ್ಞಾನ ಶಿಕ್ಷಕಿ, ತುಮಕೂರು